ಹಳೆಯ ಲೇತ್‌ಗೆ ಹೊಸ ಮೋಟರ್, ಡ್ರೈವ್, ಸಿಎನ್‌ಸಿ: ಯಾವ ಯಂತ್ರಕ್ಕೆ ಯಾವುದು ತಕ್ಕದ್ದು?

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಾಗಲಿ, ಸಣ್ಣ ವರ್ಕ್‌ಶಾಪ್‌ಗಳ ಶಟರ್ ಎತ್ತಿದರೆ ಒಳಗೆ ಹಳೆಯ ಎಚ್‌ಎಂಟಿ ಲೇತ್ ಅಥವಾ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಇನ್ನೂ ದುಡಿಯುತ್ತಿರುವುದು ಕಾಣುತ್ತದೆ. ಎಚ್‌ಎಂಟಿ ಬೆಂಗಳೂರಿನಲ್ಲಿ ಶುರುವಾದದ್ದು 1953ರಲ್ಲಿ. ಆ ಕಾಲದ ಎರಕ ದಪ್ಪ, ಬೆಡ್ ಭಾರ, ಗೇರ್‌ಗಳು ಗಟ್ಟಿ. ಕೈಕೊಡುವುದು ಮೋಟರ್, ಸ್ಟಾರ್ಟರ್, ಸ್ವಿಚ್‌ಗಳು. ಆಗ ಮಾಲೀಕರ ಮೇಜಿನ ಮೇಲೆ ನಾಲ್ಕೈದು ಕೊಟೇಶನ್ ಬಂದು ಕೂರುತ್ತವೆ: ಮೋಟರ್ ಬದಲಿಸಿ, ವೇಗ ಏರಿಸಿ ಇಳಿಸುವ ಡ್ರೈವ್ ಹಾಕಿ, ಅಳತೆಯನ್ನು ಅಂಕಿಯಲ್ಲಿ ತೋರಿಸುವ ಡಿಜಿಟಲ್ ರೀಡೌಟ್ ಕೂರಿಸಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಾಡಿಸಿ, ಇಲ್ಲವೇ ಗುಜರಿಗೆ ಹಾಕಿ ಹೊಸದು ತನ್ನಿ. ಮಾರುವವರು ತಮ್ಮ ಸರಕನ್ನೇ ಹೊಗಳುತ್ತಾರೆ. ನಿಮ್ಮ ಯಂತ್ರಕ್ಕೆ ಯಾವುದು ಬೇಕು ಎಂಬುದನ್ನು ಒಂದು ಡಯಲ್ ಗೇಜ್, ಒಂದು ಕ್ಲ್ಯಾಂಪ್ ಮೀಟರ್ ಮತ್ತು ಅರ್ಧ ದಿನ ಸೇರಿ ಹೇಳಿಬಿಡುತ್ತವೆ.

ಮೊದಲು ಕಬ್ಬಿಣ, ಆಮೇಲೆ ಕರೆಂಟು

ಜಾಬ್ (ಕತ್ತರಿಸಬೇಕಾದ ತುಂಡು) ತಿರುಗಿಸುವ ಸ್ಪಿಂಡಲ್‌ನ ಟೇಪರ್ ರಂಧ್ರಕ್ಕೆ 300 ಮಿಮೀ ಉದ್ದದ ಟೆಸ್ಟ್ ಮ್ಯಾಂಡ್ರಲ್, ಅಂದರೆ ಪರೀಕ್ಷೆಯ ದಂಡ ಹಾಕಿ, ಡಯಲ್ ಇಟ್ಟು ಕೈಯಲ್ಲೇ ತಿರುಗಿಸಿ. ಮೂಗಿನ ಹತ್ತಿರ 0.01 ಮಿಮೀ, ತುದಿಯಲ್ಲಿ 0.02ರಿಂದ 0.03 ಮಿಮೀ ಒಳಗಿದ್ದರೆ ಸ್ಪಿಂಡಲ್ ಚೆನ್ನಾಗಿದೆ. ಆಮೇಲೆ ಜಾಬ್ ಹಿಡಿಯುವ ಚಕ್ ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಮೀಟಿ. ಡಯಲ್ ಮುಳ್ಳು 0.02ಕ್ಕಿಂತ ಹೆಚ್ಚು ಎದ್ದರೆ ಬೇರಿಂಗ್ ಸಡಿಲ ಎಂದರ್ಥ. ಕೆಲವೊಮ್ಮೆ ನಟ್ ಬಿಗಿ ಮಾಡಿದರೆ ಸಾಕು, ಕೆಲವೊಮ್ಮೆ ಬೇರಿಂಗನ್ನೇ ಬದಲಿಸಬೇಕಾಗುತ್ತದೆ.

ಎರಡನೆಯ ಪರೀಕ್ಷೆಗೆ 50 ಮಿಮೀ ವ್ಯಾಸದ ಬಾರ್ ಹಿಡಿದು, ಚಕ್‌ನಿಂದ 200 ಮಿಮೀ ಹೊರಗೆ ಬಿಡಿ. ಟೇಲ್‌ಸ್ಟಾಕ್ ಆಸರೆ ಬೇಡ. ತೆಳುವಾದ ಫಿನಿಶ್ ಕಟ್ ತೆಗೆದು ಎರಡೂ ತುದಿಯ ವ್ಯಾಸ ಅಳೆಯಿರಿ. ವ್ಯತ್ಯಾಸ 0.02 ಮಿಮೀ ಇದ್ದರೆ ಸಂತೋಷ. 0.08 ಬಂದರೆ ಮೊದಲು ಲೆವೆಲ್ ನೋಡಿ, ಏಕೆಂದರೆ ಫೌಂಡೇಶನ್ ಕುಸಿದು ಬೆಡ್ ತಿರುಚಿಕೊಂಡಿದ್ದರೂ ಇದೇ ರೀತಿ ಟೇಪರ್ ಬರುತ್ತದೆ. ಲೆವೆಲ್ ಸರಿ ಇದ್ದು, ಹೆಡ್‌ಸ್ಟಾಕ್ ಕೂಡ ನೇರ ಇದ್ದರೆ ತಪ್ಪು ಸವೆತದ್ದು.

ಸವೆತದ ವಿಷಯದಲ್ಲಿ ಅನುಭವಿ ಟರ್ನರ್‌ಗಳೂ ತಪ್ಪು ತಿಳಿಯುವ ಒಂದು ಅಂಶವಿದೆ. ಬೆಡ್ ಹೆಚ್ಚು ಸವೆಯುವುದು ಚಕ್ ಪಕ್ಕದ ಒಂದೆರಡು ಅಡಿಯಲ್ಲಿ; ಕೆಲಸವೆಲ್ಲ ನಡೆಯುವುದು ಅಲ್ಲೇ. ಅಲ್ಲಿ ಸ್ಯಾಡಲ್ (ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಭಾಗ) ನೆಟ್ಟಗೆ 0.2 ಮಿಮೀ ಕೆಳಗಿಳಿದರೂ 50 ಮಿಮೀ ಜಾಬ್‌ನ ವ್ಯಾಸದಲ್ಲಿ ಬರುವ ತಪ್ಪು 0.002 ಮಿಮೀ ಕೂಡ ಆಗುವುದಿಲ್ಲ, ಏಕೆಂದರೆ ಟೂಲ್ ಸರಿಯುವುದು ವೃತ್ತದ ಸ್ಪರ್ಶರೇಖೆಯ ದಿಕ್ಕಿನಲ್ಲಿ. ಆದರೆ ಬೆಡ್‌ನ ಮುಂದಿನ ವಿ ಆಕಾರದ ಹಳಿ ಸವೆದು ಟೂಲ್ 0.05 ಮಿಮೀ ಅಡ್ಡ ಸರಿದರೆ ವ್ಯಾಸದಲ್ಲಿ ನೇರ 0.1 ಮಿಮೀ ತಪ್ಪು. ಆದ್ದರಿಂದ ಬೆಡ್ ಮೇಲೆ ಕಾಣುವ ಮೆಟ್ಟಿಲು ನೋಡಿ ಎದೆಗುಂದಬೇಡಿ, ಅಡ್ಡ ದಿಕ್ಕಿನ ತಪ್ಪನ್ನು ಅಳೆದು ನೋಡಿ. ಅದು ಕೆಟ್ಟಿದ್ದರೆ ಬೆಡ್ ಗ್ರೈಂಡಿಂಗ್, ಸ್ಯಾಡಲ್ ಅಡಿಗೆ ಟರ್ಸೈಟ್ ಎಂಬ ಜಾರುವ ಪ್ಲಾಸ್ಟಿಕ್ ಪಟ್ಟಿ, ಸ್ಕ್ರೇಪಿಂಗ್ ಇವಿಷ್ಟರ ಖರ್ಚು ಮೊದಲು ಬರೆದುಕೊಳ್ಳಿ. ಯಾವ ಕಂಟ್ರೋಲರ್ ಹಾಕಿದರೂ ಈ ತಪ್ಪು ಹೋಗುವುದಿಲ್ಲ.

ಮೋಟರ್ ಮಾತ್ರ ಬದಲಿಸುವುದು

7.5 ಕಿಲೋವ್ಯಾಟ್, ಅಂದರೆ 10 ಎಚ್‌ಪಿ, 4 ಪೋಲ್ ಮೋಟರ್ ತೆಗೆದುಕೊಳ್ಳೋಣ. ಐಇ1 ದರ್ಜೆಯ ದಕ್ಷತೆ ಶೇ 86.0, ಐಇ3 ದರ್ಜೆಯದು ಶೇ 90.4. ಪೂರ್ತಿ ಲೋಡಿನಲ್ಲಿ ಮೊದಲನೆಯದು 8.72 ಕಿಲೋವ್ಯಾಟ್ ಎಳೆದರೆ ಎರಡನೆಯದು 8.30. ಉಳಿತಾಯ ಗಂಟೆಗೆ 0.42 ಯೂನಿಟ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ ಸುಮಾರು 1,000 ಯೂನಿಟ್. ಲೆಕ್ಕಕ್ಕೆ ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 8,000 ರೂಪಾಯಿ.

ಆದರೆ ಲೇತ್ ಯಾವತ್ತಾದರೂ ದಿನವಿಡೀ ಪೂರ್ತಿ ಲೋಡಿನಲ್ಲಿ ಓಡುತ್ತದೆಯೇ? ಜಾಬ್ ಕಟ್ಟುವುದು, ಅಳೆಯುವುದು, ಟೂಲ್ ಉಜ್ಜುವುದು ಎಲ್ಲ ಕಳೆದರೆ ಉಳಿತಾಯ ಆ ಲೆಕ್ಕದ ಅರ್ಧವೂ ಸಿಗುವುದಿಲ್ಲ. ಎರಡು ಶಿಫ್ಟ್ ಓಡುವ ಕಂಪ್ರೆಸರ್ ಬೇರೆ ಕಥೆ. ಅಲ್ಲಿ ಅದೇ ಮೋಟರ್ ವರ್ಷಕ್ಕೆ 2,000 ಯೂನಿಟ್ ಉಳಿಸುತ್ತದೆ. ಆದ್ದರಿಂದ ಐಇ3 ಮೋಟರ್‌ಗೆ ಹಣ ಎತ್ತಿಟ್ಟಿದ್ದರೆ ಕಂಪ್ರೆಸರ್ ಮತ್ತು ಪಂಪ್‌ಗೆ ಮೊದಲು ಹಾಕಿ. ಲೇತ್ ಮೋಟರ್ ಸುಡುವವರೆಗೂ ಕಾಯಬಹುದು.

ಒಂದು ವಿನಾಯಿತಿ ಇದೆ. ಎರಡು ಮೂರು ಸಲ ರೀವೈಂಡಿಂಗ್ ಆದ ಮೋಟರ್. ಹಳೆಯ ತಂತಿ ತೆಗೆಯಲು ಸ್ಟೇಟರನ್ನು ಬೆಂಕಿಗೆ ಹಾಕಿ ಸುಟ್ಟಿದ್ದರೆ ತಗಡುಗಳ ನಡುವಿನ ಇನ್ಸುಲೇಶನ್ ಹೋಗಿರುತ್ತದೆ. ಬೆಲ್ಟ್ ಬಿಚ್ಚಿ ಖಾಲಿ ಓಡಿಸಿ ಕ್ಲ್ಯಾಂಪ್ ಮೀಟರ್ ಹಿಡಿಯಿರಿ. 7.5 ಕಿಲೋವ್ಯಾಟ್ ಮೋಟರ್‌ನ ಪೂರ್ತಿ ಕರೆಂಟ್ 14ರಿಂದ 15 ಆಂಪಿಯರ್. ಖಾಲಿ ಓಟದಲ್ಲಿ 5ರಿಂದ 6 ಬರಬೇಕು. 8 ದಾಟಿದರೆ ಸುತ್ತು ಕಡಿಮೆ ಹಾಕಿದ್ದಾರೆ ಅಥವಾ ಕೋರ್ ಹಾಳಾಗಿದೆ. ಅದನ್ನು ಮತ್ತೆ ಸುತ್ತಿಸಬೇಡಿ.

ಹೊಸ ಮೋಟರ್ ತರುವ ಮುಂಚೆ ಫ್ರೇಮ್ ನೋಡಿ. ಈಗಿನ 7.5 ಕಿಲೋವ್ಯಾಟ್ 4 ಪೋಲ್ 132 ಫ್ರೇಮಿನಲ್ಲಿ ಬರುತ್ತದೆ, ಶಾಫ್ಟ್ 38 ಮಿಮೀ. ಹಳೆಯ ಆಮದು ಯಂತ್ರದ ಪುಲ್ಲಿ ಇಂಚಿನ ಅಳತೆಯದ್ದಾಗಿದ್ದರೆ ಅದನ್ನೂ ಬದಲಿಸಬೇಕು. ಐಇ3 ಮೋಟರ್ ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟ್ ಹಳೆಯದಕ್ಕಿಂತ ಜಾಸ್ತಿ. ಮೊದಲ ದಿನವೇ ಎಂಸಿಬಿ ಬಿದ್ದರೆ ಮೋಟರ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ.

ಡ್ರೈವ್ ಹಾಕುವುದು

ಹಳೆಯ ಲೇತ್‌ಗೆ ಖರ್ಚಿಗೆ ತಕ್ಕ ಫಲ ಕೊಡುವುದು ಹೆಚ್ಚಾಗಿ ವಿಎಫ್‌ಡಿ, ವರ್ಕ್‌ಶಾಪ್ ಮಾತಿನಲ್ಲಿ ಡ್ರೈವ್. ಆದರೆ ‘ಕರೆಂಟ್ ಬಿಲ್ ಇಳಿಯುತ್ತದೆ’ ಎನ್ನುವ ಮಾತಿಗೆ ಮರುಳಾಗಬೇಡಿ. ಫ್ಯಾನ್, ಸೆಂಟ್ರಿಫ್ಯೂಗಲ್ ಪಂಪ್‌ಗಳಲ್ಲಿ ವೇಗ ಶೇ 80ಕ್ಕೆ ಇಳಿಸಿದರೆ ಪವರ್ ಶೇ 51ಕ್ಕೆ ಇಳಿಯುತ್ತದೆ, ನಿಜ. ಲೇತ್‌ಗೆ ಆ ಸೂತ್ರ ಹೊಂದುವುದಿಲ್ಲ. ಇಲ್ಲಿ ಡ್ರೈವ್ ಕೊಡುವುದು ಬೇರೆ: ಮೆಲ್ಲಗೆ ಶುರು, ಗೇರ್ ಹಲ್ಲಿಗೆ ಏಟು ಬೀಳದ ಓಟ, ಎರಡು ಗೇರ್‌ಗಳ ನಡುವಿನ ವೇಗ, ಜಾಬ್ ಕೀರಲು ಶುರುಮಾಡಿದರೆ ನಾಬ್ ತಿರುಗಿಸಿ ಶೇ 10 ಇಳಿಸುವ ಸೌಲಭ್ಯ. ಸಿಂಗಲ್ ಫೇಸ್ ಮಾತ್ರ ಇರುವ ಶೆಡ್‌ಗಳಿಗೆ ಇನ್ನೊಂದು ಲಾಭ: 2.2 ಕಿಲೋವ್ಯಾಟ್‌ವರೆಗೆ 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ಡ್ರೈವ್ ಸುಲಭವಾಗಿ ಸಿಗುತ್ತದೆ. ಅದು ಹೊರಗೆ ಕೊಡುವುದೂ 230 ವೋಲ್ಟೇ, ಹಾಗಾಗಿ ಮೋಟರ್ 230 ವೋಲ್ಟ್‌ಗೆ ಡೆಲ್ಟಾ ಕಟ್ಟಲು ಬರುವಂಥದ್ದಿರಬೇಕು.

ಅತಿ ಸಾಮಾನ್ಯವಾದ ತಪ್ಪು ‘ಡ್ರೈವ್ ಬಂತಲ್ಲ, ಇನ್ನು ಗೇರ್ ಯಾಕೆ’ ಎನ್ನುವುದು. ಲೆಕ್ಕ ನೋಡಿ. 200 ಮಿಮೀ ವ್ಯಾಸದ ಮೈಲ್ಡ್ ಸ್ಟೀಲ್ ಜಾಬ್, 3 ಮಿಮೀ ಆಳ, ಸುತ್ತಿಗೆ 0.3 ಮಿಮೀ ಫೀಡ್, ನಿಮಿಷಕ್ಕೆ 100 ಮೀಟರ್ ಕತ್ತರಿಸುವ ವೇಗ. ಸ್ಪಿಂಡಲ್ 160 ಆರ್‌ಪಿಎಂ ಓಡಬೇಕು, ಸುಮಾರು 3.75 ಕಿಲೋವ್ಯಾಟ್ ಬೇಕು. ಗೇರನ್ನು 160ಕ್ಕೇ ಹಾಕಿ ಡ್ರೈವ್ 50 ಹರ್ಟ್ಜ್‌ನಲ್ಲಿಟ್ಟರೆ ಮೋಟರ್‌ನ ಪೂರ್ತಿ 7.5 ಕಿಲೋವ್ಯಾಟ್ ಕೈಗೆ ಸಿಗುತ್ತದೆ. ಸೋಮಾರಿತನಕ್ಕೆ ಗೇರನ್ನು 800ರಲ್ಲೇ ಬಿಟ್ಟು ಡ್ರೈವನ್ನು 10 ಹರ್ಟ್ಜ್‌ಗೆ ಇಳಿಸಿದರೂ ಸ್ಪಿಂಡಲ್ ಓಡುವುದು 160ರಲ್ಲೇ. ಆದರೆ ಮೋಟರ್ ಕೊಡಬಲ್ಲದ್ದು ಐದನೇ ಒಂದು ಭಾಗ, 1.5 ಕಿಲೋವ್ಯಾಟ್. ಟೂಲ್ ಜಾಬ್‌ಗೆ ತಾಗಿದ ಕೂಡಲೇ ಸ್ಪಿಂಡಲ್ ನಿಲ್ಲುತ್ತದೆ, ಇನ್ಸರ್ಟ್ ಮುರಿಯುತ್ತದೆ, ಬೈಗುಳ ಡ್ರೈವ್ ಕಂಪನಿಗೆ. ಬ್ಯಾಕ್ ಗೇರ್ ಇರಲಿ. ಡ್ರೈವನ್ನು 25ರಿಂದ 60 ಹರ್ಟ್ಜ್ ನಡುವೆ ಮಾತ್ರ ಬಳಸಿ. ಅದಕ್ಕಿಂತ ಕೆಳಗೆ ಮೋಟರ್ ಬೆನ್ನಿನ ಫ್ಯಾನ್ ಕೂಡ ನಿಧಾನವಾಗಿ ತಿರುಗುವುದರಿಂದ ಗಾಳಿ ಸಾಲದೆ ಮೋಟರ್ ಬಿಸಿಯಾಗುತ್ತದೆ; ಹೆಡ್‌ಸ್ಟಾಕ್‌ನಲ್ಲಿ ಗೇರ್‌ಗಳೇ ಎಣ್ಣೆ ಚಿಮ್ಮಿಸುವ ವ್ಯವಸ್ಥೆ ಇದ್ದರೆ ಎಣ್ಣೆಯೂ ಮೇಲಿನ ಬೇರಿಂಗ್‌ಗೆ ತಲುಪುವುದಿಲ್ಲ. ಮೇಲಿನ ಮಿತಿಗೂ ಎಚ್ಚರ ಬೇಕು. ಟಾಪ್ ಗೇರ್‌ನಲ್ಲಿ 1,200 ಆರ್‌ಪಿಎಂ ಇರುವ ಯಂತ್ರ 60 ಹರ್ಟ್ಜ್‌ಗೆ 1,440 ಓಡುತ್ತದೆ. ಚಕ್ ಮುಖದ ಮೇಲೆ ಅಚ್ಚಾದ ಗರಿಷ್ಠ ವೇಗವನ್ನು ಓದಿಕೊಂಡು ಡ್ರೈವ್‌ನ ಮಿತಿ ಹಾಕಿ.

ವೈರಿಂಗ್‌ನಲ್ಲಿ ಹಳೆಯದನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಪೂರ್ತಿ ತೆಗೆದು, 415 ವೋಲ್ಟ್ ಮೋಟರನ್ನು ಟರ್ಮಿನಲ್ ಬಾಕ್ಸ್‌ನಲ್ಲೇ ಡೆಲ್ಟಾ ಕಟ್ಟಿ, ಡ್ರೈವ್‌ನಿಂದ ನೇರ ಮೋಟರ್‌ಗೆ ಮೂರು ತಂತಿ ಮತ್ತು ಅರ್ತ್ ಎಳೆಯಿರಿ. ನಡುವೆ ಕಾಂಟ್ಯಾಕ್ಟರ್ ಬೇಡ, ಕೆಪಾಸಿಟರ್ ಬೇಡವೇ ಬೇಡ. ಫಾರ್ವರ್ಡ್ ರಿವರ್ಸ್ ಡ್ರಮ್ ಸ್ವಿಚ್ ಅನ್ನು ಮೋಟರ್ ದಾರಿಯಿಂದ ಕಿತ್ತು, ಡ್ರೈವ್‌ನ 24 ವೋಲ್ಟ್ ಟರ್ಮಿನಲ್‌ಗಳಿಗೆ ಕೊಡಿ. ಓಡುವಾಗ ಆ ಸ್ವಿಚ್ ಮೋಟರ್ ದಾರಿಯನ್ನು ಕಡಿದರೆ ಡ್ರೈವ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಡುತ್ತವೆ. ಮೋಟರ್ ಕೇಬಲ್ ಶೀಲ್ಡ್ ಇರುವಂಥದ್ದಾಗಿರಲಿ, ಆದಷ್ಟು ಚಿಕ್ಕದಿರಲಿ. ಕೇಬಲ್ ಉದ್ದವಾದಷ್ಟೂ ಡ್ರೈವ್‌ನ ಚೂಪು ಪಲ್ಸ್‌ಗಳು ಮೋಟರ್ ತುದಿಯಲ್ಲಿ ಪುಟಿದು ಡಿಸಿ ಬಸ್‌ನ (ಡ್ರೈವ್ ಒಳಗಿನ ಡಿಸಿ ವೋಲ್ಟೇಜಿನ) ಹೆಚ್ಚುಕಡಿಮೆ ಎರಡರಷ್ಟು, ಅಂದರೆ 1,100 ವೋಲ್ಟ್ ದಾಟುತ್ತವೆ. ಊರಿನಲ್ಲಿ ಸಾಧಾರಣ ಎನಾಮಲ್ ತಂತಿಯಲ್ಲಿ ಸುತ್ತಿಸಿದ ಮೋಟರ್ ಅದನ್ನು ಬಹಳ ದಿನ ತಡೆಯುವುದಿಲ್ಲ. ಹಳೆಯ ಮೋಟರ್ ಬದಲಿಸಲು ಸರಿಯಾದ ಕಾರಣ ಸಿಗುವುದು ಇಲ್ಲಿ.

ಇನ್ನು ಬ್ರೇಕಿಂಗ್. 415 ವೋಲ್ಟ್ ಲೈನ್‌ಗೆ ಡ್ರೈವ್ ಒಳಗಿನ ಡಿಸಿ ಬಸ್ ಸುಮಾರು 587 ವೋಲ್ಟ್ ಇರುತ್ತದೆ. ಭಾರದ ಚಕ್ ಅನ್ನು ಎರಡು ಸೆಕೆಂಡಿನಲ್ಲಿ ನಿಲ್ಲಿಸಲು ಹೋದರೆ ಮೋಟರ್ ಜನರೇಟರ್ ಆಗಿ ಆ ಶಕ್ತಿಯನ್ನು ಬಸ್‌ಗೆ ತಳ್ಳುತ್ತದೆ, 800 ವೋಲ್ಟ್ ಆಸುಪಾಸಿನಲ್ಲಿ ಓವರ್‌ವೋಲ್ಟೇಜ್ ಟ್ರಿಪ್. ಟ್ರಿಪ್ ಆದ ಡ್ರೈವ್ ಸ್ಪಿಂಡಲ್ ಹಿಡಿಯುವುದಿಲ್ಲ, ಅದು ತಾನಾಗೇ ತಿರುಗಿ ನಿಲ್ಲಬೇಕು. ಒಂದೋ ನಿಲ್ಲುವ ಸಮಯವನ್ನು ಆರೇಳು ಸೆಕೆಂಡ್ ಮಾಡಿ, ಇಲ್ಲವೇ ಬ್ರೇಕ್ ರೆಸಿಸ್ಟರ್ ಹಾಕಿ. ರೆಸಿಸ್ಟರ್‌ನ ಓಮ್ ಡ್ರೈವ್ ಕೈಪಿಡಿಯಲ್ಲಿ ಬರೆದ ಕನಿಷ್ಠಕ್ಕಿಂತ ಕಡಿಮೆ ಇರಕೂಡದು. ಆದರೆ ಚಕ್ ಅನ್ನು ಸ್ಪಿಂಡಲ್ ಮೂಗಿಗೆ ಥ್ರೆಡ್ ಮೇಲೆ ತಿರುಗಿಸಿ ಕೂರಿಸುವ ಹಳೆಯ ಲೇತ್ ಆದರೆ ಈ ಬ್ರೇಕ್ ಬೇಡವೇ ಬೇಡ. ಸ್ಪಿಂಡಲ್ ಗಕ್ಕನೆ ನಿಂತರೆ ಚಕ್ ತನ್ನ ವೇಗದಲ್ಲೇ ಮುಂದೆ ತಿರುಗಿ ಥ್ರೆಡ್ ಬಿಚ್ಚಿಕೊಂಡು ಬೆಡ್ ಮೇಲೆ ಬೀಳುತ್ತದೆ. ರಿವರ್ಸ್‌ನಲ್ಲಿ ಕಟ್ ತೆಗೆದರೂ ಅದೇ ಗತಿ. ಚಕ್ ಅನ್ನು ಪಿನ್‌ಗಳಿಂದ ಬಿಗಿಯುವ ಕ್ಯಾಮ್‌ಲಾಕ್ ಮೂಗಿನ ಯಂತ್ರಗಳಿಗೆ ಈ ಭಯವಿಲ್ಲ.

ಕರೆಂಟ್ ಹೋಗಿ ಬರುವ ನಮ್ಮಂಥ ಕಡೆ ಇನ್ನೊಂದು ಅಪಾಯ ಇದೆ. ಹಳೆಯ ಕಾಂಟ್ಯಾಕ್ಟರ್ ಕರೆಂಟ್ ಹೋದ ಕ್ಷಣ ಬಿಟ್ಟುಕೊಳ್ಳುತ್ತಿತ್ತು. ಕರೆಂಟ್ ಬಂದರೂ ಹಸಿರು ಬಟನ್ ಒತ್ತುವವರೆಗೆ ಯಂತ್ರ ಸುಮ್ಮನಿರುತ್ತಿತ್ತು. ಡ್ರೈವ್‌ಗೆ ಒಂದು ಟಾಗಲ್ ಸ್ವಿಚ್ ಕೊಟ್ಟು ಬಿಟ್ಟಿದ್ದರೆ, ಕರೆಂಟ್ ಬಂದ ಕೂಡಲೇ ಅದು ಸ್ಪಿಂಡಲ್ ಓಡಿಸಿಬಿಡಬಹುದು. ಅಷ್ಟರಲ್ಲಿ ಟರ್ನರ್ ಚಕ್ ಕೀ ಹಾಕಿಕೊಂಡಿರುತ್ತಾನೆ. ತ್ರೀ ವೈರ್ ಕಂಟ್ರೋಲ್, ಅಂದರೆ ಒತ್ತಿ ಬಿಡುವ ಸ್ಟಾರ್ಟ್ ಮತ್ತು ಬೇರೆ ಸ್ಟಾಪ್ ಬಟನ್ ಮಾಡಿಸಿ, ಆಟೋ ರೀಸ್ಟಾರ್ಟ್ ಪ್ಯಾರಾಮೀಟರ್ ಆಫ್ ಮಾಡಿ. ಕೆಂಪು ಎಮರ್ಜೆನ್ಸಿ ಬಟನ್ ಡ್ರೈವ್‌ನ ಎಸ್‌ಟಿಒ, ಅಂದರೆ ಮೋಟರ್‌ಗೆ ಹೋಗುವ ಟಾರ್ಕ್ ಕಡಿಯುವ ಟರ್ಮಿನಲ್‌ಗೆ ಹೋಗಲಿ. ಬರೀ ಸ್ಟಾಪ್ ಕಮಾಂಡ್ ಸಾಲದು.

ಡ್ರೈವನ್ನು ಲೇತ್ ಹಿಂದೆ ಗೋಡೆಗೆ ಬರಿದೇ ತೂಗುಹಾಕುವವರಿದ್ದಾರೆ. ಎರಕದ ಕಬ್ಬಿಣದ ಧೂಳು ಕರೆಂಟ್ ಹಾಯಿಸುತ್ತದೆ. ಮಳೆಗಾಲದ ತೇವ ಸೇರಿದರೆ ಕಾರ್ಡ್ ಶಾರ್ಟ್. ಧೂಳು, ನೀರಿನ ಹನಿ ತಡೆಯುವ ಐಪಿ54 ಪೆಟ್ಟಿಗೆ, ಫಿಲ್ಟರ್ ಇರುವ ಫ್ಯಾನ್ ಮತ್ತು ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುವುದು ಬೇಕೇ ಬೇಕು. ಒಳಗೆ 40 ಡಿಗ್ರಿ ದಾಟದಿರಲಿ. ಪ್ರತಿ 10 ಡಿಗ್ರಿ ಏರಿಕೆಗೆ ಕೆಪಾಸಿಟರ್ ಆಯಸ್ಸು ಅರ್ಧ.

ಡಿಜಿಟಲ್ ರೀಡೌಟ್

ಬೇಡಿಕೆ ನಿಖರತೆಯದ್ದಾಗಿದ್ದು ವೇಗದ್ದಲ್ಲವಾದರೆ ಸುಮ್ಮನೆ ಇದನ್ನು ಹಾಕಿ. ಗ್ಲಾಸ್ ಸ್ಕೇಲ್ ಸ್ಲೈಡ್‌ನ ಜಾಗವನ್ನೇ ಓದುವುದರಿಂದ ಸ್ಕ್ರೂನಲ್ಲಿ ಅರ್ಧ ಸುತ್ತು ಪ್ಲೇ, ಅಂದರೆ ಸಡಿಲ ಇದ್ದರೂ ಅಂಕಿ ಸರಿಯಾಗೇ ಬರುತ್ತದೆ. ಉದ್ದಕ್ಕೆ 5 ಮೈಕ್ರಾನ್ ಸ್ಕೇಲ್ ಸಾಕು, ಕ್ರಾಸ್ ಸ್ಲೈಡ್‌ಗೆ 1 ಮೈಕ್ರಾನ್ ಇರಲಿ, ಏಕೆಂದರೆ ಅಲ್ಲಿನ ತಪ್ಪು ವ್ಯಾಸದಲ್ಲಿ ದುಪ್ಪಟ್ಟಾಗುತ್ತದೆ. ರಬ್ಬರ್ ತುಟಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಕೂಲಂಟ್ ಒಳಗೆ ಇಳಿಯುತ್ತದೆ. ಸವೆದ ಬೆಡ್‌ನ ಟೇಪರ್ ಇದರಿಂದ ಹೋಗುವುದಿಲ್ಲ, ಅಷ್ಟೇ.

ಮ್ಯಾನ್ಯುವಲ್ ಲೇತ್ ಅನ್ನು ಸಿಎನ್‌ಸಿ ಮಾಡುವುದು

ಸಾಧಾರಣ ಗಾತ್ರದ ಲೇತ್ ಆದರೆ ನಮ್ಮ ಸಲಹೆ: ಬೇಡ. ಲೀಡ್ ಸ್ಕ್ರೂ ತೆಗೆದು ಬಾಲ್ ಸ್ಕ್ರೂ ಹಾಕಬೇಕು, ಏಪ್ರನ್ ಕಳಚಬೇಕು, ಎರಡು ಸರ್ವೋ, ಥ್ರೆಡಿಂಗ್‌ಗೆ ಸ್ಪಿಂಡಲ್ ಎನ್‌ಕೋಡರ್, ಟೂಲ್ ಟರೆಟ್, ತಾನಾಗೇ ಎಣ್ಣೆ ಹಾಕುವ ಪಂಪ್, ಕವರ್, ಪ್ಯಾನೆಲ್ ಎಲ್ಲ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ವೇಗದ ಗೇರ್ ಬದಲಿಸುವುದು ಕೈಯಿಂದಲೇ, ಬೆಡ್ ಚಪ್ಪಟೆ ಇರುವುದರಿಂದ ಚಿಪ್ಸ್ ಗುಡ್ಡೆಯಾಗುವುದೂ ಹಾಗೇ. ಕೊಟೇಶನ್ ಹೊಸ ಸಣ್ಣ ಸಿಎನ್‌ಸಿಯ ಅರ್ಧ ಬೆಲೆ ದಾಟಿತೆಂದರೆ ಫೈಲ್ ಮುಚ್ಚಿ. ಖರ್ಚು ಉಳಿಸಲು ಹಳೆಯ ಸ್ಕ್ರೂಗೇ ಮೋಟರ್ ಕಟ್ಟಿ, ಪ್ಲೇ ಇರುವುದನ್ನು ಸಾಫ್ಟ್‌ವೇರ್‌ನಲ್ಲಿ ಸರಿಮಾಡುತ್ತೇವೆ ಎನ್ನುವವರಿಂದ ದೂರ ಇರಿ. ಕಂಟ್ರೋಲರ್ ದಿಕ್ಕು ಬದಲಿಸುವಾಗ ಪ್ಲೇ ಕಳೆಯಬಲ್ಲದು. ಕಟ್ಟಿಂಗ್ ಬಲ ಸ್ಲೈಡನ್ನು ಆ ಸಡಿಲದೊಳಗೆ ಎಳೆದಾಡಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ದೊಡ್ಡ ಯಂತ್ರಗಳ ಮಾತು ಉಲ್ಟಾ. ಎರಡು ಮೀಟರ್ ಟೇಬಲ್‌ನ ವಿಟಿಎಲ್ (ನಿಂತ ದಿಕ್ಕಿನ ಲೇತ್), ಹಾರಿಜಾಂಟಲ್ ಬೋರಿಂಗ್, ರೋಲ್ ಟರ್ನಿಂಗ್ ಲೇತ್, ಪ್ಲೇನರ್. ಇವುಗಳಲ್ಲಿ ಬೆಲೆ ಇರುವುದೇ ಎರಕದಲ್ಲಿ, ಆ ಎರಕ ದಶಕಗಟ್ಟಲೆ ಹಣ್ಣಾಗಿ ನೆಲೆನಿಂತಿದೆ. ಇಲ್ಲಿ ಸಿಎನ್‌ಸಿ ರೆಟ್ರೋಫಿಟ್ ಲಾಭ.

ಸರ್ವೋ ಗಾತ್ರ ನೀವೇ ಅಂದಾಜಿಸಿ. 5,000 ನ್ಯೂಟನ್ ತಳ್ಳುವ ಬಲ, 10 ಮಿಮೀ ಪಿಚ್‌ನ ಬಾಲ್ ಸ್ಕ್ರೂ, ದಕ್ಷತೆ 0.9 ಎಂದರೆ ಬೇಕಾದ ಟಾರ್ಕ್ ಸುಮಾರು 8.8 ನ್ಯೂಟನ್ ಮೀಟರ್. ನಿಮಿಷಕ್ಕೆ 10 ಮೀಟರ್ ರ‍್ಯಾಪಿಡ್ (ಕಟ್ ಇಲ್ಲದೆ ಸರಿಯುವ ವೇಗ) ಸಾಕಾದರೆ ಸ್ಕ್ರೂ 1,000 ಆರ್‌ಪಿಎಂ ತಿರುಗಿದರೆ ಸಾಕು. ಆಗ ಟೈಮಿಂಗ್ ಬೆಲ್ಟ್‌ನಲ್ಲಿ 2:1 ಇಳಿಸಿದರೆ ಮೋಟರ್ 2,000ದಲ್ಲಿ ಓಡುತ್ತದೆ, ಟಾರ್ಕ್ 4.4ಕ್ಕೆ ಇಳಿಯುತ್ತದೆ, ಮೋಟರ್‌ಗೆ ತಗಲುವ ಲೋಡ್ ಇನರ್ಶಿಯಾ (ವೇಗ ಬದಲಿಸಲು ಒಡ್ಡುವ ಜಡತ್ವ) ಕಾಲು ಭಾಗವಾಗುತ್ತದೆ. ಸ್ಲೈಡ್ ಘರ್ಷಣೆಗೂ ರ‍್ಯಾಪಿಡ್ ವೇಗ ಹಿಡಿಯುವುದಕ್ಕೂ ಮೇಲೆ ಒಂದಿಷ್ಟು ಸೇರಿಸಿ. ನಿಂತ ದಿಕ್ಕಿನ ಆಕ್ಸಿಸ್ ಆದರೆ ಬ್ರೇಕ್ ಇರುವ ಮೋಟರ್ ಬೇಕೇ ಬೇಕು: ಹಳೆಯ ಸ್ಕ್ರೂ ತನ್ನ ಘರ್ಷಣೆಯಿಂದಲೇ ಹೆಡ್ ಹಿಡಿದಿಡುತ್ತಿತ್ತು, ಬಾಲ್ ಸ್ಕ್ರೂ ಹಿಡಿಯುವುದಿಲ್ಲ, ಕರೆಂಟ್ ಹೋದರೆ ಹೆಡ್ ಇಳಿದು ಬರುತ್ತದೆ.

ಹಳೆಯ ಸಿಎನ್‌ಸಿಗೆ ಹೊಸ ಕಂಟ್ರೋಲ್

ಇಪ್ಪತ್ತು ಮೂವತ್ತು ವರ್ಷದ ಸಿಎನ್‌ಸಿಯಲ್ಲಿ ಬಾಲ್ ಸ್ಕ್ರೂ, ಟರೆಟ್, ಗಾರ್ಡ್ ಎಲ್ಲ ಇದ್ದೇ ಇರುತ್ತವೆ, ಸತ್ತಿರುವುದು ಕಂಟ್ರೋಲ್. ಇಲ್ಲಿ ಎಲ್ಲವನ್ನೂ ಒಟ್ಟಿಗೆ ಕಿತ್ತೆಸೆಯಬೇಕಿಲ್ಲ. ಸ್ಕ್ರೀನ್ ಮಾತ್ರ ಹೋಗಿದ್ದರೆ ಸಿಆರ್‌ಟಿ ಜಾಗಕ್ಕೆ ಕೂರುವ ಎಲ್‌ಸಿಡಿ ಸಿಗುತ್ತದೆ. ಪ್ಯಾರಾಮೀಟರ್ ಅಳಿಸಿಹೋಗಿದ್ದರೆ ಕ್ಯಾಬಿನೆಟ್ ಬಾಗಿಲ ಒಳಗಿನ ಹಳದಿ ಹಾಳೆ ಹುಡುಕಿ. ಫನುಕ್ ಕಂಪನಿಯ 0 ಸರಣಿಯ ಕಂಟ್ರೋಲ್‌ನಲ್ಲಿ 900ರ ಸಾಲಿನ ಆಪ್ಶನ್ ಪ್ಯಾರಾಮೀಟರ್‌ಗಳನ್ನು ಆ ಹಾಳೆ ನೋಡಿ ಕೈಯಿಂದಲೇ ತುಂಬಬೇಕು. ಹಾಳೆ ಸಿಕ್ಕಿದರೆ ಇವತ್ತೇ ಫೋಟೋ ತೆಗೆದಿಡಿ. ಬ್ಯಾಟರಿ ಬದಲಿಸುವುದು ಕಂಟ್ರೋಲ್ ಆನ್ ಇರುವಾಗ ಮಾತ್ರ.

ಬೋರ್ಡ್‌ಗಳು ಒಂದಾದ ಮೇಲೊಂದು ಹೋಗುತ್ತಿದ್ದರೆ, ಬ್ರಶ್ ಇರುವ ಡಿಸಿ ಸರ್ವೋಗಳ ರಿಪೇರಿ ವರ್ಷಕ್ಕೆ ಎರಡು ಸಲ ಬರುತ್ತಿದ್ದರೆ, ಕಂಟ್ರೋಲ್, ಡ್ರೈವ್, ಮೋಟರ್ ಮೂರನ್ನೂ ಒಂದೇ ಕಂಪನಿಯದ್ದು ತೆಗೆದುಕೊಳ್ಳಿ. ಕಂಟ್ರೋಲ್ ಒಬ್ಬರದು ಸರ್ವೋ ಇನ್ನೊಬ್ಬರದು ಆದರೆ ತೊಂದರೆ ಬಂದ ದಿನ ಇಬ್ಬರೂ ಪರಸ್ಪರ ಬೆರಳು ತೋರಿಸುತ್ತಾರೆ.

ಮೋಟರ್ ಆರಿಸುವಾಗ ಟಾರ್ಕ್ ಮಾತ್ರ ಹೋಲಿಸಬೇಡಿ. ಹಳೆಯ ಡಿಸಿ ಮೋಟರ್‌ನ ರೋಟರ್ ಭಾರ, ಅದರ ಇನರ್ಶಿಯಾ ಟೇಬಲ್ ಮತ್ತು ಸ್ಕ್ರೂಗೆ ಹೆಚ್ಚುಕಡಿಮೆ ಸಮ. ಅದೇ ಟಾರ್ಕ್‌ನ ಹೊಸ ಎಸಿ ಸರ್ವೋ ಕೈಯಲ್ಲೆತ್ತುವಷ್ಟು ಚಿಕ್ಕದು. ಲೋಡ್ ಅದರ ಇನರ್ಶಿಯಾದ ಎಂಟು ಪಟ್ಟಾದರೆ ಆಕ್ಸಿಸ್ ನಿಂತಲ್ಲೇ ಗುಂಯ್‌ಗುಡುತ್ತದೆ, ಗೇನ್ ಇಳಿಸಿದರೆ ವೃತ್ತ ಮೊಟ್ಟೆಯಾಗುತ್ತದೆ. ಅನುಪಾತ 3ರ ಒಳಗಿರಲಿ. ಅದಕ್ಕಾಗಿ ಮೀಡಿಯಂ ಅಥವಾ ಹೈ ಇನರ್ಶಿಯಾ ಸರಣಿಯ ಮೋಟರ್ ಕೇಳಿ.

ಆಕ್ಸಿಸ್‌ಗಳು ಓಡಾಡಿದ್ದನ್ನು ನೋಡಿ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಸಮಯ ತಿನ್ನುವುದು ಟರೆಟ್, ಹೈಡ್ರಾಲಿಕ್ ಚಕ್, ಡೋರ್ ಇಂಟರ್‌ಲಾಕ್‌ಗಳ ಲ್ಯಾಡರ್, ಅಂದರೆ ಅವು ಯಾವಾಗ ಓಡಬೇಕು ಎಂಬ ಲಾಜಿಕ್ ಪ್ರೋಗ್ರಾಂ. ಹಳೆಯ ಲ್ಯಾಡರ್ ಪ್ರಿಂಟ್ ಇಲ್ಲದಿದ್ದರೆ ಪ್ರತಿ ಸ್ವಿಚ್‌ನ ತಂತಿಯನ್ನೂ ಒಂದೊಂದಾಗಿ ಹುಡುಕಿ ಬರೆಯಬೇಕಾಗುತ್ತದೆ.

ರಿಲೇ ಪ್ಯಾನೆಲ್‌ನಿಂದ ಪಿಎಲ್‌ಸಿಗೆ

ಎಸ್‌ಪಿಎಂ, ಅಂದರೆ ಒಂದೇ ಕೆಲಸಕ್ಕೆಂದು ಮಾಡಿದ ಯಂತ್ರಗಳಿಗೆ ಇದು ಸುಲಭ ನಿರ್ಧಾರ: 20-30 ರಿಲೇ ಇದ್ದರೆ ಅವುಗಳ ಕೆಲಸವನ್ನು ಪ್ರೋಗ್ರಾಂನಿಂದ ಮಾಡುವ ಪಿಎಲ್‌ಸಿ ಅಗ್ಗ. ಸೆನ್ಸರ್‌ಗಳ ಔಟ್‌ಪುಟ್ ಬಗೆ ಪಿಎನ್‌ಪಿಯೋ ಎನ್‌ಪಿಎನ್‌ಓ ಎಂದು ಮೊದಲೇ ನೋಡಿ ಕಾರ್ಡ್ ಆರಿಸಿ. ಪವರ್ ಪ್ರೆಸ್ ಆದರೆ ಮಾತ್ರ ನಿಂತು ಯೋಚಿಸಿ. ಎರಡು ಕೈ ಬಟನ್‌ನ ಲಾಜಿಕ್ ಮಾಮೂಲಿ ಪಿಎಲ್‌ಸಿ ಒಳಗೆ ಬರೆಯುವಂತಿಲ್ಲ, ಸೇಫ್ಟಿ ರಿಲೇ ಬೇಕು. ಕೀ ಕ್ಲಚ್ ಪ್ರೆಸ್‌ಗೆ ಲೈಟ್ ಕರ್ಟನ್ ಮಾರುವವರೂ ಇದ್ದಾರೆ. ಆ ಪ್ರೆಸ್ ಒಮ್ಮೆ ಹೊರಟರೆ ಸ್ಟ್ರೋಕ್ ಮುಗಿಸಿಯೇ ನಿಲ್ಲುವುದು. ಕರ್ಟನ್ ಕೈ ಕಂಡರೂ ನಿಲ್ಲಿಸಲು ಸಾಧ್ಯವಿಲ್ಲ. ಅದಕ್ಕೆ ಗಟ್ಟಿ ಗಾರ್ಡ್ ಒಂದೇ ದಾರಿ.

ಕೊನೆಯ ಕಂತು ಕೊಡುವ ಮುಂಚೆ

ಯಾವುದನ್ನೇ ಮಾಡಿಸಿ, ಕೊನೆಯ ಕಂತು ಕೈಯಲ್ಲಿಟ್ಟುಕೊಂಡು ಇವಿಷ್ಟು ಕೇಳಿ: ವೈರಿಂಗ್ ಡ್ರಾಯಿಂಗ್, ಡ್ರೈವ್ ಪ್ಯಾರಾಮೀಟರ್ ಪಟ್ಟಿ, ಪಿಎಲ್‌ಸಿ ಮೂಲ ಪ್ರೋಗ್ರಾಂ, ಪಾಸ್‌ವರ್ಡ್ ಇದ್ದರೆ ಅದೂ. ಪೆನ್‌ಡ್ರೈವ್‌ನಲ್ಲಿ ಒಂದು, ಕಾಗದದಲ್ಲಿ ಒಂದು. ಮೊದಲ ದಿನ ಮಾಡಿದ ಟೇಪರ್ ಪರೀಕ್ಷೆಯನ್ನು ಅದೇ 50 ಮಿಮೀ ಬಾರ್ ಮೇಲೆ ಮತ್ತೆ ಮಾಡಿಸಿ, ಎರಡೂ ಅಂಕಿ ಪಕ್ಕಪಕ್ಕ ಬರೆದಿಡಿ. ನಿಮ್ಮದೇ ಜಾಬ್ 20 ಪೀಸ್ ಸತತವಾಗಿ ಓಡಿಸಿ, ಮೊದಲನೆಯದನ್ನೂ ಇಪ್ಪತ್ತನೆಯದನ್ನೂ ಅಳೆಯಿರಿ. ಆಮೇಲೆ ಸ್ಪಿಂಡಲ್ ಓಡುತ್ತಿರುವಾಗಲೇ ಮೇನ್ ಸ್ವಿಚ್ ಇಳಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಏರಿಸಿ. ಯಂತ್ರ ಅಲುಗಾಡದೆ, ಯಾರಾದರೂ ಬಟನ್ ಒತ್ತುವವರೆಗೆ ಸುಮ್ಮನೆ ನಿಂತಿರಬೇಕು.